ಅರ್ಜಿಯೊಳಗಿನ ‘ಸಮುದಾಯ’ ಯಾರು?

ಪುಣೆ ಜಿಲ್ಲೆಯ ಬಾರಾಮತಿಯ ಹೆಸರು ಕೇಳಿದೊಡನೆ ರಾಜಕಾರಣ ನೆನಪಾಗುವುದು ಸಹಜ. ಆ ತಾಲ್ಲೂಕಿಗೆ ಎರಡು ಮುಖಗಳಿವೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬ್ರಿಟಿಷರ ಕಾಲದ ನೀರಾ ಎಡದಂಡೆ ಕಾಲುವೆಯ ಕೆಳಗಿನ ಊರುಗಳಲ್ಲಿ ಕಬ್ಬು ಬೆಳೆಯುತ್ತದೆ. ಕಾಲುವೆ ತಲುಪದ ಸುಪೆ ಕಡೆಯ ಊರುಗಳು ಮಳೆನೆರಳಿನ ಬಯಲಿನಲ್ಲಿ ಮುಗಿಲು ನೋಡುತ್ತ ಕಾಲ ಕಳೆದಂಥವು. 1960ರ ದಶಕದ ಉತ್ತರಾರ್ಧದ ಬರಗಾಲದಲ್ಲಿ ಈ ಒಣ ಭಾಗದಲ್ಲಿ ನಡೆದ ಒಂದು ಕೆಲಸವನ್ನು, ಅನುದಾನಕ್ಕಾಗಿ ಅರ್ಜಿ ಬರೆಯಹೊರಟ ಜೈನ ಸಂಘಸಂಸ್ಥೆಗಳು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು.

ಬಾರಾಮತಿಯಲ್ಲಿ ಆಸ್ಟ್ರೇಲಿಯಾದ ಕ್ರೈಸ್ತ ಮಿಷನ್ ಬಹುಕಾಲದಿಂದ ನೆಲೆಸಿತ್ತು. ಭಾರತದ ಚರ್ಚುಗಳ ಸೇವಾಸಂಸ್ಥೆಯಾದ ಕಾಸಾದ ಮೂಲಕ ಹೊರದೇಶಗಳ ಆಹಾರಧಾನ್ಯ ಬರದ ಸೀಮೆಗಳಿಗೆ ಬರುತ್ತಿತ್ತು. 1967ರಲ್ಲಿ ಮೊದಲ ಬಾರಿಗೆ ಶಾಸಕರಾದ ಶರದ್ ಪವಾರ್, ಅವರ ಅಣ್ಣ ಅಪ್ಪಾಸಾಹೇಬ್ ಪವಾರ್ ಹಾಗೂ ಮಿಷನ್ನಿನವರು ಸೇರಿ ಆ ಧಾನ್ಯವನ್ನು ಕೂಲಿಯಾಗಿ ಕೊಟ್ಟು ಊರೂರಲ್ಲಿ ಜಿನುಗು ಕೆರೆಗಳನ್ನು ಕಟ್ಟಿಸಿದರು. 1971ರಲ್ಲಿ ಸ್ಥಾಪನೆಯಾದ ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್ ಬೆಳೆದದ್ದು ಈ ಕೆಲಸದ ಬೆನ್ನಿಗೇ. ಅಧಿಕಾರವುಳ್ಳವರ ಮಾತಿಗೆ ದಾನಿಗಳ ಕಿವಿ ಬೇಗ ತೆರೆಯುತ್ತದೆ ಎಂಬ ಆಕ್ಷೇಪ ಇಲ್ಲಿ ಏಳಬಹುದು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಪವಾರ್ ಮುಖ್ಯಮಂತ್ರಿಯಾದದ್ದು 1978ರಲ್ಲಿ. ಕೆರೆಗಳು ಅದಕ್ಕೆ ಸುಮಾರು ಹತ್ತು ವರ್ಷ ಹಿಂದಿನವು.

ದಾನಿಯ ಕೈಯಲ್ಲಿದ್ದದ್ದು ಧಾನ್ಯ. ಅದನ್ನು ಹಂಚಿಬಿಟ್ಟಿದ್ದರೆ ಹಸಿವು ಕೆಲವು ದಿನ ಮುಂದೆ ಹೋಗುತ್ತಿತ್ತು, ಅಷ್ಟೆ. ಅದೇ ಧಾನ್ಯವನ್ನು ಮಣ್ಣು ಹೊರುವ ಕೆಲಸಕ್ಕೆ ಜೋಡಿಸಿದಾಗ ಲೆಕ್ಕ ತಾನಾಗಿಯೇ ಹುಟ್ಟಿತು: ಇಷ್ಟು ಜನ, ಇಷ್ಟು ದಿನ, ಇಷ್ಟು ಕಾಳು, ಹಳ್ಳಕ್ಕೆ ಅಡ್ಡಲಾಗಿ ಇಷ್ಟು ಉದ್ದದ ಏರಿ. ಜಿನುಗು ಕೆರೆಯಿಂದ ಕಾಲುವೆ ಹೊರಡುವುದಿಲ್ಲ. ತಡೆದು ನಿಲ್ಲಿಸಿದ ಮಳೆನೀರು ನೆಲಕ್ಕಿಳಿದು ಕೆಳಗಿನ ಬಾವಿಗಳಲ್ಲಿ ಏರುತ್ತದೆ. ಕೆಲಸ ಫಲಿಸಿತೋ ಇಲ್ಲವೋ ಎಂದು ತಿಳಿಯಲು ತಜ್ಞರ ವರದಿಗೆ ಕಾಯಬೇಕಾಗಿಲ್ಲ. ಬಾವಿಗೆ ಬಿಟ್ಟ ಹಗ್ಗವೇ ಹೇಳುತ್ತದೆ. ಕೊಡುವವನು ಕೇಳಬಹುದಾದ ಪ್ರಶ್ನೆಗಳಿಗೆ, ಅವನು ಕೇಳುವ ಮೊದಲೇ, ಯೋಜನೆಯ ಕಟ್ಟುವಿಕೆಯೇ ಉತ್ತರಿಸಿತ್ತು. ಕೊಟ್ಟವರದು ಒಂದು ಧರ್ಮ, ಏರಿ ಕಟ್ಟಿದವರದು ಇನ್ನೊಂದು, ನೀರು ಹೋದದ್ದು ಎಲ್ಲರ ಬಾವಿಗೆ ಎಂಬುದು ಗಮನಿಸತಕ್ಕದ್ದು.

ಎಲ್ಲರ ಬಾವಿಗೆ ಎಂದರೆ ಬಾವಿ ಇದ್ದವರೆಲ್ಲರಿಗೆ ಎಂದೇ ಅರ್ಥ. ಜಿನುಗು ಕೆರೆಗಳ ದೋಷ ಇರುವುದೂ ಅಲ್ಲಿಯೇ. ಮಣ್ಣು ಹೊತ್ತ ಭೂಹೀನನಿಗೆ ಕೂಲಿಯ ಕಾಳು ಸಿಕ್ಕಿತು. ನೀರು ಸಿಕ್ಕಿದ್ದು ಕೆಳಗೆ ಹೊಲವೂ ಬಾವಿಯೂ ಉಳ್ಳವನಿಗೆ. ನೆರೆಯ ಪುರಂದರ ತಾಲ್ಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಕೆ 1970ರ ದಶಕದಲ್ಲಿ ಆರಂಭಿಸಿದ ಪಾಣಿ ಪಂಚಾಯತ್ ಈ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡಿತು. ನೀರಿನ ಪಾಲು ಹೊಲದ ಅಳತೆಯ ಮೇಲಲ್ಲ, ಮನೆಯ ತಲೆಯೆಣಿಕೆಯ ಮೇಲೆ: ಒಬ್ಬರಿಗೆ ಅರ್ಧ ಎಕರೆಗೆ ಸಾಲುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಹೀನನಿಗೂ ಹಕ್ಕು. ಕಬ್ಬಿಗೆ ನಿಷೇಧ. ವೆಚ್ಚದ ಶೇ. 20ನ್ನು ಫಲಾನುಭವಿಗಳೇ ಭರಿಸಬೇಕು. ಸರ್ಕಾರದ ಸಹಾಯಧನ ಬಂದದ್ದು ಈ ಪಾಲಿನ ಜೊತೆಗೂಡಿ. ಬಾರಾಮತಿಯ ಕೆರೆ ‘ಏನು ಕಟ್ಟುತ್ತೀರಿ’ ಎಂಬುದಕ್ಕೆ ಒಳ್ಳೆಯ ಉತ್ತರ. ನಾಯಗಾಂವದ ಕರಾರು ‘ಯಾರಿಗಾಗಿ’ ಎಂಬುದಕ್ಕೆ ಇನ್ನೂ ಒಳ್ಳೆಯ ಉತ್ತರ.

ಈ ಎರಡು ಪ್ರಶ್ನೆಗಳನ್ನು ಜೈನ ಟ್ರಸ್ಟುಗಳು ಸಾಮಾನ್ಯವಾಗಿ ಬರೆಯುವ ಅರ್ಜಿಗಳಿಗೆ ಹಾಕಿ ನೋಡಬೇಕು. ಮೊದಲ ಪುಟದಲ್ಲಿ ಊರಿನ ಬಸದಿಯ ಪ್ರಾಚೀನತೆ, ಎರಡನೆಯದರಲ್ಲಿ ಚಾತುರ್ಮಾಸ ನೆರವೇರಿಸಿದ ಮುನಿಗಳ ನಾಮಾವಳಿ, ಮೂರನೆಯದರಲ್ಲಿ ಪದಾಧಿಕಾರಿಗಳ ಭಾವಚಿತ್ರ. ಬಳಿಕ ‘ಸಮಾಜದ ಸರ್ವಾಂಗೀಣ ಅಭಿವೃದ್ಧಿಗಾಗಿ’ ಒಂದು ಸಮುದಾಯ ಭವನ, ಅದಕ್ಕೆ ದುಂಡು ಮೊತ್ತವೊಂದು. ಭವನದಲ್ಲಿ ವರ್ಷಕ್ಕೆ ಎಷ್ಟು ದಿನ ಏನು ನಡೆಯುತ್ತದೆ, ಮೂರನೆಯ ವರ್ಷದ ವಿದ್ಯುತ್ ಬಿಲ್ಲನ್ನು ಯಾರು ಕಟ್ಟುತ್ತಾರೆ, ತಾಲ್ಲೂಕಿನಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಮರಳಿ ತರಗತಿಗೆ ಹೋಗುತ್ತಾರೆ ಎಂಬುದರ ಸುಳಿವಿಲ್ಲ. ಇಂಥ ಅರ್ಜಿ ತಿರಸ್ಕೃತವಾದಾಗ ದಾನಿಗೆ ಜೈನರ ಬಗ್ಗೆ ಅನಾದರವೆಂದು ಗೊಣಗುವುದು ಸುಲಭ.

ಬೇಡುವ ಬರಹದ ಕಲೆ ಈ ಪರಂಪರೆಗೆ ಅಪರಿಚಿತವೇನಲ್ಲ ಎಂಬುದು ಇಲ್ಲಿನ ವಿಪರ್ಯಾಸ. ಕನ್ನಡ ನಾಡಿನ ಜೈನ ದಾನಶಾಸನಗಳನ್ನು ತೆರೆದು ನೋಡಿದರೆ ಕೊಟ್ಟ ಭೂಮಿಯ ಅಳತೆ ಮತ್ತರುಗಳಲ್ಲಿದೆ, ನಾಲ್ಕು ದಿಕ್ಕಿನ ಎಲ್ಲೆಯಿದೆ, ಯಾವ ಆಚಾರ್ಯರ ಕಾಲು ತೊಳೆದು ಯಾರ ವಶಕ್ಕೆ ಒಪ್ಪಿಸಿದರೆಂಬುದಿದೆ, ಜೀರ್ಣೋದ್ಧಾರಕ್ಕೋ ಆಹಾರದಾನಕ್ಕೋ ಎಂಬ ಉದ್ದೇಶವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿ ಉಳಿದದ್ದೂ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಎಂಬ ಎಣಿಕೆಯೊಡನೆ. ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲಿದ್ದ ಖಚಿತತೆ ಇಂದಿನ ಕಂಪ್ಯೂಟರ್ ಮುದ್ರಿತ ಪುಟಗಳಲ್ಲಿ ಕಾಣೆಯಾಗಿದೆ.

ಖಚಿತತೆಯನ್ನು ಒಬ್ಬ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಸರಿಪಡಿಸಬಹುದು. ‘ಸಮುದಾಯ’ ಎಂಬ ಪದವನ್ನು ಹಾಗೆ ಸರಿಪಡಿಸಲಾಗದು. 1961ರ ಆದಾಯ ತೆರಿಗೆ ಕಾಯ್ದೆ ಹಾಕಿಕೊಟ್ಟಿದ್ದ ಗೆರೆ ಸ್ಪಷ್ಟವಾಗಿತ್ತು: ನಿರ್ದಿಷ್ಟ ಧರ್ಮ ಅಥವಾ ಜಾತಿಯ ಹಿತಕ್ಕೆಂದೇ ಉದ್ದೇಶ ಬರೆದುಕೊಂಡ ಸಂಸ್ಥೆಗೆ ಕೊಟ್ಟ ದೇಣಿಗೆಗೆ 80ಜಿ ರಿಯಾಯಿತಿ ಇರಲಿಲ್ಲ. ಅದೇ ಕಾಯ್ದೆಯ 13ನೆಯ ಕಲಮು, ಕಾಯ್ದೆ ಜಾರಿಗೆ ಬಂದ ಮೇಲೆ ಒಂದೇ ಧಾರ್ಮಿಕ ಸಮುದಾಯದ ಅಥವಾ ಜಾತಿಯ ಹಿತಕ್ಕಾಗಿ ಹುಟ್ಟಿದ ಧರ್ಮಾರ್ಥ ಟ್ರಸ್ಟಿನ ಆದಾಯಕ್ಕೂ ವಿನಾಯಿತಿ ನಿರಾಕರಿಸುತ್ತಿತ್ತು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗೆಂದು ವ್ಯಯಿಸಬೇಕು. ಅದಕ್ಕಿರುವ ಏಳನೆಯ ಅನುಸೂಚಿಯಲ್ಲಿ ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಉಂಟು, ಪಂಚಕಲ್ಯಾಣ ಮಹೋತ್ಸವವಿಲ್ಲ. ಆ ಹಣ ಪಡೆಯಬಯಸುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯನ್ನೂ ಮಾಡಿಸಿರಬೇಕು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದರಿಂದ ಈ ಗೆರೆಗಳು ಅಳಿಸಿಹೋದವೆಂದು ಭಾವಿಸುವ ಟ್ರಸ್ಟಿಗಳು ಇನ್ನೂ ಇದ್ದಾರೆ. ಅಳಿಸಿಹೋಗಿಲ್ಲ.

ಕಾನೂನಿನ ಭಯದಿಂದ ‘ಸರ್ವಜನರ ಹಿತಾರ್ಥ’ ಎಂಬ ಸಾಲನ್ನು ನಿಯಮಾವಳಿಗೆ ಸೇರಿಸಿ, ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಮಾತ್ರ ಹಳೆಯ ಪದ್ಧತಿಯನ್ನೇ ನಡೆಸುವ ಜಾಣತನ ಕೆಲವೆಡೆ ಕಾಣುತ್ತದೆ. ಅನುದಾನ ನೀಡಿದವರು ಮೊದಲ ವರ್ಷದ ಫಲಾನುಭವಿಗಳ ಪಟ್ಟಿ ಕೇಳಿದ ದಿನ ಅದು ಬಯಲಾಗುತ್ತದೆ. ಈ ವಿಷಯದಲ್ಲಿ ಸಮಾಜಕ್ಕೆ ಒಳ್ಳೆಯ ಮಾದರಿ ಹೊರಗೆಲ್ಲೂ ಇಲ್ಲ. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಭಾವೂರಾವ್ ಪಾಟೀಲರು, ಅಸ್ಪೃಶ್ಯರ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಹೋಗಿ ಬಂದು ಶುದ್ಧಿಸ್ನಾನ ಮಾಡಲೊಪ್ಪದೆ ಕೊಲ್ಲಾಪುರದ ಜೈನ ಬೋರ್ಡಿಂಗ್‌ನಿಂದ ಹೊರಬೀಳಬೇಕಾಯಿತು. 1919ರಲ್ಲಿ ಅವರು ಸ್ಥಾಪಿಸಿದ ರಯತ್ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ಮನೆಮನೆಯಿಂದ ಮುಷ್ಟಿ ಧಾನ್ಯ ಎತ್ತಿ ನಡೆಸಿದ ಆ ಸಂಸ್ಥೆಗೆ, ದೊಡ್ಡವರ ಮುಂದೆ ಕೈಚಾಚುವ ಹೊತ್ತಿಗೆ, ಊರು ತನ್ನ ಪಾಲನ್ನು ಹಾಕಿದೆ ಎಂದು ತೋರಿಸಲು ಸಾಕ್ಷಿಯಿತ್ತು. ಮುಷ್ಟಿಯ ಧಾನ್ಯದ ಲೆಕ್ಕ ಸಣ್ಣದೆಂದು ಅರ್ಜಿಯಿಂದ ಕೈಬಿಡುವವರು, ನಾಯಗಾಂವದ ಶೇ. 20ನ್ನು ನೆನೆಯಬೇಕು.

ಆದ್ದರಿಂದ ಅರ್ಜಿಗೆ ಕೂರುವ ಮುನ್ನ ಮಾಡಬೇಕಾದ ಕೆಲಸ ಕಾಗದದ ಹೊರಗಿದೆ. ಕುಡಿಯುವ ನೀರಿನ ಯೋಜನೆಯಾದರೆ ಬೇಸಿಗೆಯ ಎರಡು ತಿಂಗಳು ಊರಿನ ಬಾವಿಗಳ ಮಟ್ಟ ಬರೆದಿಡಬೇಕು. ವಿದ್ಯಾರ್ಥಿನಿಲಯವಾದರೆ ಸುತ್ತಲಿನ ಹಳ್ಳಿಗಳ ಯಾವ ಮಕ್ಕಳು ಎಷ್ಟು ದೂರ ನಡೆದು ಬರುತ್ತಾರೆಂದು ಎಣಿಸಬೇಕು. ದಲಿತ ಕೇರಿಯ, ಜೈನ ಕೂಲಿಕಾರ ಕುಟುಂಬಗಳ, ವಿಧವೆಯರ ಮಾತನ್ನು ಪದಾಧಿಕಾರಿಗಳೇ ಹೋಗಿ ಕೇಳಬೇಕು. ಬಡ ಜೈನರು ಇದ್ದಾರೆಂಬುದನ್ನು ಶ್ರೀಮಂತ ಜೈನರು ಅಂಕಿಯ ರೂಪದಲ್ಲಿ ಒಪ್ಪಿಕೊಂಡ ಅರ್ಜಿಗಳು ಬಹಳ ವಿರಳ. ಯೋಜನೆಯಿಂದ ಯಾರಿಗೆ ಪ್ರಯೋಜನ ತಲುಪುವುದಿಲ್ಲ ಎಂಬುದನ್ನೂ ಒಂದು ಪರಿಚ್ಛೇದದಲ್ಲಿ ಬರೆದರೆ ದಾನಿಯ ನಂಬಿಕೆ ಕುಗ್ಗುವುದಿಲ್ಲ. ನಿರ್ವಹಣೆಯ ವೆಚ್ಚ, ಲೆಕ್ಕ ಬರೆಯುವವನ ಸಂಬಳ, ಬಳಕೆ ಪ್ರಮಾಣಪತ್ರ ಸಲ್ಲಿಸುವ ತಿಂಗಳು, ಇವುಗಳಿಗೂ ಜಾಗ ಬೇಕು.

ಉದ್ದೇಶಗಳ ಕಲಮಿನ ತಿದ್ದುಪಡಿ ಕಾರ್ಯದರ್ಶಿಯೊಬ್ಬರ ಸಹಿಯಿಂದ ಆಗುವಂಥದ್ದಲ್ಲ. ನೋಂದಾಯಿತ ಸಂಘವಾದರೆ ಸರ್ವಸದಸ್ಯರ ಸಭೆ ಕರೆಯಬೇಕು, ಚರ್ಚೆಯಾಗಬೇಕು, ವಿರೋಧವೂ ಬರುತ್ತದೆ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಲೆಕ್ಕಪತ್ರಗಳ ಮಂಜೂರಾತಿಗೆ ಮೊದಲು, ಸದಸ್ಯರೆಲ್ಲ ಇನ್ನೂ ಕುಳಿತಿರುವಾಗಲೇ, ಈ ವಿಷಯ ಬರಲಿ.