ನೂರು ರೂಪಾಯಿಯ ಲೆಕ್ಕ ಕೊಡಿ



ಕಂಪನಿಗೆ ಲಾಭ ದೊಡ್ಡದೋ, ಸಮಾಜದ ಹೊಣೆ ದೊಡ್ಡದೋ ಅಂತ ಪಂಡಿತರು ಜಗಳಾಡುತ್ತಲೇ ಇದ್ದಾರೆ. ಲಾಭ ಮಾಡೋದೇ ವ್ಯಾಪಾರದ ಹೊಣೆ ಅಂತ ಅಮೆರಿಕದ ಅರ್ಥಶಾಸ್ತ್ರಿ ಮಿಲ್ಟನ್ ಫ್ರೀಡ್‌ಮನ್ 1970ರಲ್ಲೇ ಬರೆದ. ಇಲ್ಲ, ಸಮಾಜಕ್ಕೂ ಒಂದಿಷ್ಟು ಕೊಡಿ ಅಂತ ನಮ್ಮ ಸರ್ಕಾರ 2013ರ ಕಂಪನಿ ಕಾಯ್ದೆಯಲ್ಲಿ ಬರೆಯಿತು. 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು.

ಜಗಳವೆಲ್ಲ ಈ ಎರಡು ರೂಪಾಯಿಯದು. ನಾವು ಕೇಳೋದು ನೂರು ರೂಪಾಯಿಯ ಲೆಕ್ಕ. ಅದು ಯಾರ ಮೈಯಿಂದ ಬಂತು?

ಕೋಲಾರದ ಚಿನ್ನದ ಗಣಿಯನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಹರಿಯಿತು; ಬೆಂಗಳೂರಿಗೆ ಬಂದದ್ದು 1905ಕ್ಕೆ. ಕಂಪನಿ ಆಸ್ಪತ್ರೆ ಕಟ್ಟಿಸಿತು, ದೊರೆಗಳಿಗೆ ಕ್ಲಬ್ಬೂ ಕಟ್ಟಿಸಿತು. ಭೂಮಿಯ ಹೊಟ್ಟೆಗೆ ಇಳಿದು ಬಂಡೆ ಕೊರೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಚಿನ್ನದ ಲಾಭ ಲಂಡನ್ನಿನ ಷೇರುದಾರರಿಗೆ. ಕಲ್ಲಿನ ಧೂಳು ಕೂಲಿಯವನ ಎದೆಗೂಡಿಗೆ. ಆ ರೋಗಕ್ಕೆ ಸಿಲಿಕೋಸಿಸ್ ಅಂತ ಹೆಸರು. 1956ರಲ್ಲಿ ಗಣಿ ಸರ್ಕಾರದ್ದಾಯಿತು. ಲೆಕ್ಕದ ಪುಸ್ತಕ ಬದಲಾಗಲಿಲ್ಲ. 2001ರಲ್ಲಿ ನಷ್ಟ ಅಂತ ಬಾಗಿಲು ಹಾಕಿದರು. ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಗಾಳಿ ಎದ್ದರೆ ಆ ಧೂಳು ಕಾಲೊನಿಗೇ ನುಗ್ಗುತ್ತೆ.

ಆ ಎದೆಗೂಡನ್ನು ಖರ್ಚು ಅಂತ ಬರೆದಿದ್ದರೆ ಲಾಭ ಎಷ್ಟು ಉಳೀತಿತ್ತು? ಲಾಭವೇ ಧರ್ಮ ಅನ್ನೋನೂ ಅದನ್ನು ಬರೆಯೋಲ್ಲ, ಲಾಭದಲ್ಲಿ ಎರಡು ರೂಪಾಯಿ ಕೊಡು ಅನ್ನೋನೂ ಬರೆಯೋಲ್ಲ. ನಮ್ಮ ಉಸಿರು ಇಬ್ಬರಿಗೂ ಪುಕ್ಕಟೆ.

ಇದು ನಮಗೆ ಹೊಸದಲ್ಲ. ವರ್ಷವೆಲ್ಲ ಜೀತ ದುಡಿಸಿಕೊಂಡು, ಹಬ್ಬಕ್ಕೊಂದು ಹಳೇ ಅಂಗಿ ಎಸೆದು ಧರ್ಮಪ್ರಭು ಅನ್ನಿಸಿಕೊಂಡ ಗೌಡರನ್ನು ನಮ್ಮ ಅಪ್ಪಂದಿರು ನೋಡಿದ್ದಾರೆ. ಅಂಗಿ ಹೋಗಿ ಬೆಂಚು ಬಂದಿದೆ. ಬೆಂಚಿನ ಬೆನ್ನಿಗೆ ಕಂಪನಿಯ ಹೆಸರು.

ಹಾಗಾದರೆ ಎರಡು ರೂಪಾಯಿ ಬೇಡವಾ? ಬೇಕು. ಅದು ಕಾನೂನಿನ ದುಡ್ಡು. ಕಂಪನಿ ಇರೋ ಸುತ್ತಮುತ್ತಲ ಊರಿಗೇ ಮೊದಲ ಆದ್ಯತೆ ಅಂತ ಅದೇ ಕಲಂ ಹೇಳುತ್ತೆ. ಮೇಷ್ಟ್ರೇ, ಕೇಳಿ ತಗೊಳ್ಳಿ. ಹಾರ ಹಾಕಬೇಡಿ, ಮಕ್ಕಳ ಕೈ ಮುಗಿಸಬೇಡಿ.

ಕಂಪನಿ ತನ್ನ ನೌಕರರಿಗೆ ಮಾಡಿದ ಖರ್ಚು ಈ ಎರಡರಲ್ಲಿ ಸೇರೋದಿಲ್ಲ ಅಂತಲೂ ನಿಯಮ ಇದೆ. ಸರಿಯಾಗೇ ಇದೆ. ದುಡಿಯೋನ ಕೂಲಿ, ಉಸಿರು, ನೀರು ಕಾಪಾಡೋದು ದಾನ ಅಲ್ಲ, ಬಾಕಿ. ಬಾಕಿ ತೀರಿಸದೆ ಎಣಿಸಿದ್ದು ಲಾಭ ಅಲ್ಲ, ಕಳವು. ಮೊದಲು ಬಾಕಿ ತೀರಿಸಿ. ದಾನದ ಮಾತು ಆಮೇಲೆ.