ಗಣಿತದ ನಕ್ಷೆ ಮತ್ತು ಕನ್ನಡದ ತರಗತಿ

ಗಣಿತವನ್ನು ಕನ್ನಡದಲ್ಲಿ ಕಲಿತವರು ಮುಂದಿನ ತರಗತಿಗಳಲ್ಲಿ ಹಿಂದುಳಿಯುವರೆಂಬ ಅಂಜಿಕೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕೇಳಿಬರುತ್ತಿದೆ. ಗಣಕಯಂತ್ರ ತರಗತಿಗೆ ಬಂದ ಮೇಲಂತೂ ಕನ್ನಡಕ್ಕೆ ಅಲ್ಲಿ ಕೆಲಸವಿಲ್ಲವೆನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು.

ಪ್ರೌಢಶಾಲೆಯ ಗಣಿತದಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಕಲ್ಪನೆಯೆಂದರೆ ಫಲನ. ಒಂದು ಪರಿಮಾಣದ ಪ್ರತಿಯೊಂದು ಬೆಲೆಗೂ ಇನ್ನೊಂದರ ಒಂದೇ ಒಂದು ಬೆಲೆಯನ್ನು ಗೊತ್ತುಪಡಿಸುವ ನಿಯಮವದು. ನಕ್ಷಾ ಕಾಗದದಲ್ಲಿ ಐದಾರು ಬಿಂದುಗಳನ್ನು ಗುರುತಿಸಿ ಜೋಡಿಸುವಷ್ಟರಲ್ಲಿ ಪಾಠದ ಅವಧಿ ಮುಗಿಯುತ್ತದೆ. ರೇಖೆಯೇನೋ ಮೂಡಿತು, ನಿಯಮ ಬದಲಾದರೆ ರೇಖೆ ಹೇಗೆ ಬದಲಾದೀತೆಂಬುದು ಕಾಣದೆಯೇ ಉಳಿಯಿತು.

ಈ ಕೊರತೆಯನ್ನು ತುಂಬಬಲ್ಲ ಸಾಧನ ಜಿಯೋಜೆಬ್ರಾ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಇದರ ರಚನೆಗೆ ತೊಡಗಿದರು. ಶಾಲೆಗಳಿಗೆ ಇದು ಉಚಿತವಾಗಿ ದೊರೆಯುತ್ತದೆ. ಕೇರಳದ ಶಾಲೆಗಳಲ್ಲಿಯೂ ಬಳಕೆಯಲ್ಲಿದೆ. ಪರದೆಯ ಮೇಲಿನ ಸ್ಲೈಡರನ್ನು ಸರಿಸಿದಂತೆಲ್ಲ ನಕ್ಷೆ ಕಣ್ಣೆದುರೇ ಬದಲಾಗುತ್ತದೆ.

ಒಂದು ಉದಾಹರಣೆ. ಎಕ್ಸ್‌ನ ವರ್ಗಕ್ಕೆ ಎಕ್ಸ್‌ನ 'ಬಿ' ಪಟ್ಟನ್ನು ಕೂಡಿಸಿದ ಫಲನದ ನಕ್ಷೆ ಒಂದು ಪರವಲಯ. 'ಬಿ' ಸೊನ್ನೆಯಾಗಿದ್ದಾಗ ಅದರ ಶೃಂಗ ಮೂಲಬಿಂದುವಿನಲ್ಲಿರುತ್ತದೆ. 'ಬಿ' ಹೆಚ್ಚಿದರೆ ಪರವಲಯ ನೇರವಾಗಿ ಎಡಕ್ಕೆ ಸರಿದೀತೆಂದು ಊಹಿಸುವುದು ಸಹಜ. ಆದರೆ 'ಬಿ' 2 ಆದಾಗ ಶೃಂಗ (−1, −1)ಕ್ಕೆ, 4 ಆದಾಗ (−2, −4)ಕ್ಕೆ ಇಳಿಯುತ್ತದೆ. −2 ಆದಾಗ (1, −1)ಕ್ಕೆ ಬರುತ್ತದೆ. ಶೃಂಗವು ತಲೆಕೆಳಗಾದ ಮತ್ತೊಂದು ಪರವಲಯದ ಮೇಲೆ ಚಲಿಸುತ್ತಿದೆ! ಮೂಲಬಿಂದುವನ್ನಂತೂ ನಕ್ಷೆ ಎಂದಿಗೂ ಬಿಡುವುದಿಲ್ಲ. ಏಕೆ? ಎಕ್ಸ್ ಸೊನ್ನೆಯಾದರೆ, 'ಬಿ' ಎಷ್ಟೇ ಇರಲಿ, ಫಲನದ ಬೆಲೆ ಸೊನ್ನೆಯೇ.

ಈ 'ಏಕೆ' ಎಂಬ ಪ್ರಶ್ನೆಯನ್ನು ಪರದೆ ಕೇಳುವುದಿಲ್ಲ, ಅದಕ್ಕೆ ಉತ್ತರವನ್ನೂ ಹೇಳುವುದಿಲ್ಲ. ಕೇಳಬೇಕಾದವರು ಅಧ್ಯಾಪಕರು, ತಾನು ಯೋಚಿಸುವ ಭಾಷೆಯಲ್ಲಿ ತಡವರಿಸುತ್ತಲಾದರೂ ಉತ್ತರಿಸಬೇಕಾದುದು ಮಗು. ಮೊದಲು ಊಹೆಯನ್ನು ಬರೆಯಿಸಿ, ಬಳಿಕ ಸ್ಲೈಡರನ್ನು ಸರಿಸಿ, ಕೊನೆಗೆ ಕಾರಣವನ್ನು ಹೇಳಿಸಬೇಕು. ಇಲ್ಲವಾದರೆ ಅದು ಪಾಠವಾಗದೆ ಚಲನಚಿತ್ರವಾದೀತು. ಕೈಯಿಂದ ನಕ್ಷೆ ಬಿಡಿಸುವ ಅಭ್ಯಾಸವನ್ನೂ ಕೈಬಿಡಲಾಗದು. ಅಕ್ಷಗಳ ಅಳತೆ ಬದಲಾದರೆ ಒಂದೇ ಸರಳರೇಖೆ ಒಮ್ಮೆ ಕಡಿದಾಗಿಯೂ ಒಮ್ಮೆ ಮಟ್ಟಸವಾಗಿಯೂ ಕಾಣುತ್ತದೆ. ಸ್ವತಃ ಅಳತೆ ಹಾಕಿ ಬಿಡಿಸಿದವನು ಈ ನೋಟಕ್ಕೆ ಮೋಸಹೋಗಲಾರ.

ಆದುದರಿಂದ ಕನ್ನಡ ಮಾಧ್ಯಮಕ್ಕೆ ಕನ್ನಡ ಬಲ್ಲ ಗಣಿತ ಶಿಕ್ಷಕರೇ ಬೇಕೆಂಬ ಗಡಿನಾಡಿನ ಬೇಡಿಕೆ ಬರಿಯ ಭಾಷಾಭಿಮಾನದ ಮಾತಲ್ಲ. ಯಂತ್ರ ಬಂದಷ್ಟೂ ವಿವರಿಸುವ ಮಾತಿನ ಅಗತ್ಯ ಹೆಚ್ಚುತ್ತದೆ.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಹಳೆವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕಟ್ಟಡ, ಪೀಠೋಪಕರಣಗಳನ್ನು ನೀಡುವುದು ಸ್ತುತ್ಯವೇ. ಅದರೊಂದಿಗೆ, ನಮ್ಮಲ್ಲಿ ಗಣಿತ ಮತ್ತು ತಂತ್ರಶಾಸ್ತ್ರಗಳನ್ನು ಓದಿದವರು ಇಂತಹ ನಕ್ಷೆಗಳಿಗೆ ಕನ್ನಡದಲ್ಲಿ ಪ್ರಶ್ನಾಪತ್ರಗಳನ್ನು ಸಿದ್ಧಪಡಿಸಿ ಅಧ್ಯಾಪಕರ ಕೈಗಿಡಲಿ. ವರ್ಷಕ್ಕೆ ಹತ್ತು ಪಾಠಗಳಾದರೂ ಸಾಕು. ಕನ್ನಡದಲ್ಲಿ ಗಣಿತ ಸಾಧ್ಯವೇ ಎಂದು ಕೇಳುವ ತಾಯ್ತಂದೆಯರಿಗೆ ಅವು ಭಾಷಣಗಳಿಗಿಂತ ಒಳ್ಳೆಯ ಉತ್ತರವಾದಾವು.