ಅಮ್ಮನ ಟ್ರಂಕಿನಲ್ಲಿದ್ದ ಪ್ರೋಗ್ರೆಸ್ ಕಾರ್ಡ್

ಎರಡನೇ ಭೇಟಿಯಲ್ಲಿ ಡಾಕ್ಟರು ಕೇಳಿದ್ದು ಇನ್ನೊಂದು ಬ್ಲಡ್ ಟೆಸ್ಟ್ ಅಲ್ಲ. ಥೈರಾಯ್ಡು, ಹಿಮೋಗ್ಲೋಬಿನ್ನು, ನಿದ್ದೆಯ ಕಥೆ ಎಲ್ಲಾ ಮೊದಲನೇ ಸಲವೇ ಮುಗಿದಿತ್ತು. ‘ನಿಮ್ಮ ಪ್ರೈಮರಿ ಸ್ಕೂಲಿನ ಪ್ರೋಗ್ರೆಸ್ ಕಾರ್ಡ್ ಇದ್ರೆ ತನ್ನಿ. ಅಮ್ಮ ಬರೋ ಹಾಗಿದ್ರೆ ಅವರನ್ನೂ ಕರ್ಕೊಂಡು ಬನ್ನಿ’ ಅಂದರು. ನನಗೆ ಮೂವತ್ತು ವರ್ಷ, ಕೈಕೆಳಗೆ ಐದು ಜನರ ಟೀಮು. ಆದರೂ ‘ನಾಳೆ ಪೇರೆಂಟ್ಸ್ ಜತೆ ಬಾ’ ಅನ್ನಿಸಿಕೊಂಡು ಕ್ಲಾಸಿನ ಹೊರಗೆ ನಿಂತ ಹಾಗಾಯ್ತು.

ಅವರು ಕೇಳಿದ್ದಕ್ಕೆ ಕಾರಣ ಇದೆ. ದೊಡ್ಡವರಲ್ಲಿ ಎಡಿಎಚ್‌ಡಿ ಇದೆ ಅಂತ ಹೇಳಬೇಕಾದರೆ ಲಕ್ಷಣಗಳು ಈಗ ಕಾಣಿಸಿದರೆ ಸಾಲದು, 12 ವರ್ಷ ತುಂಬುವ ಮೊದಲೇ ಅವುಗಳಲ್ಲಿ ಕೆಲವಾದರೂ ಇದ್ದಿರಬೇಕು. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನೋ ಮನೋವೈದ್ಯರ ಕೈಪಿಡಿ ಹಾಗೆ ಹೇಳುತ್ತೆ. ಅದಕ್ಕೂ ಹಿಂದೆ ಈ ಗಡಿ 7 ವರ್ಷ ಇತ್ತು. ಜತೆಗೆ ಮನೆ, ಆಫೀಸು ಅಂತ ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಆಗ್ತಿರಬೇಕು. ‘ಗಾಡಿ ಕೀ ಎಲ್ಲಿಟ್ಟೆ ಅಂತ ನಾನೂ ಮರೀತೀನಿ, ನಂಗೂ ಇದೆಯೇನೋ’ ಅಂತ ಕೇಳೋ ಗೆಳತಿಯರಿಗೆ ನಾನು ಇದನ್ನೇ ಹೇಳೋದು. ಎಷ್ಟು ಸಲ, ಎಷ್ಟು ಕಡೆ, ಎಷ್ಟನೇ ವಯಸ್ಸಿಂದ?

ನಾನು ಡಾಕ್ಟರ ಹತ್ತಿರ ಹೋಗಿದ್ದು ಕೀ ಕಳೆದಿದ್ದಕ್ಕಲ್ಲ. ಅಕೌಂಟಲ್ಲಿ ದುಡ್ಡಿದ್ದೂ ವರ್ಷದಲ್ಲಿ ಮೂರನೇ ಸಲ ಮನೆಯ ಕರೆಂಟು ಕಟ್ ಆಯ್ತು. ಬರೀ ಕೋಡ್ ಬರೆಯುವಾಗ ಹೇಗೋ ನಡೀತಿತ್ತು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ನಲ್ಲಿ ಏನಾದರೂ ಮುರಿದು ಬಿದ್ದರೆ ಎಲ್ಲರಿಗಿಂತ ಮೊದಲು ಕಾರಣ ಹುಡುಕುವವಳು ನಾನೇ. ಲೀಡ್ ಮಾಡಿದ ಮೇಲೆ ಬಣ್ಣ ಬಯಲಾಯ್ತು. ಐದು ಜನರ ಕೆಲಸ ನೆನಪಿಟ್ಟುಕೊಳ್ಳಬೇಕು, ಮೀಟಿಂಗಲ್ಲಿ ಒಪ್ಪಿದ್ದನ್ನು ಮೀಟಿಂಗ್ ಮುಗಿದ ಮೇಲೂ ನೆನಪಿಟ್ಟುಕೊಳ್ಳಬೇಕು. ಒಬ್ಬ ಜೂನಿಯರ್ ಹುಡುಗನ ಅಪ್ರೈಸಲ್ ಫಾರ್ಮನ್ನು ನಾನು ಕೊನೇ ದಿನಕ್ಕೆ ಸಬ್ಮಿಟ್ ಮಾಡಲು ಮರೆತೆ. ಅವನ ಇನ್‌ಕ್ರಿಮೆಂಟ್ ಮೂರು ತಿಂಗಳು ಮುಂದೆ ಹೋಯ್ತು. ‘ಪರವಾಗಿಲ್ಲ ಮೇಡಂ’ ಅಂದ. ಅದಾದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಲ್ಲೀವರೆಗೆ ನನ್ನ ಮರೆವಿನ ಬೆಲೆ ನಾನೇ ಕಟ್ಟುತ್ತಿದ್ದೆ.

ಪ್ರೋಗ್ರೆಸ್ ಕಾರ್ಡ್ ತರೋಕೆ ಅಂತ ಹಾಸನಕ್ಕೆ ಹೋದೆ. ಅಮ್ಮನಿಗೆ ಮೊದಲು ಅನುಮಾನ. ‘ಆಫೀಸಲ್ಲಿ ಕೇಳಿದ್ರಾ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಸಾಕಲ್ವಾ?’ ಆದರೂ ಅಟ್ಟದ ಟ್ರಂಕು ಇಳಿಸಿದಳು. ಒಂದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೆ ಎಲ್ಲಾ ಕಾರ್ಡು ಒಂದು ಸೀರೆ ಕವರಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟಿದ್ದಳು. ಮೂರನೇ ಕ್ಲಾಸು: ‘ಚುರುಕು, ಗಮನ ಸಾಲದು’. ನಾಲ್ಕು: ‘ಹೋಂವರ್ಕ್ ಅಪೂರ್ಣ’. ಆರು: ‘ಪಾಠದ ವೇಳೆ ಕಿಟಕಿಯ ಹೊರಗೆ ನೋಡುತ್ತಾಳೆ’. ಪ್ರತಿಯೊಂದರ ಕೆಳಗೂ ಅಪ್ಪನ ಸಹಿ. ಬೆಂಚು ಹತ್ತಿ ಕುಣಿಯೋ ಹುಡುಗರ ಮೇಲೆ ಕಂಪ್ಲೇಂಟ್ ಬರುತ್ತೆ. ಕಿಟಕಿ ನೋಡೋ ಹುಡುಗಿಯಿಂದ ಯಾರಿಗೂ ತೊಂದರೆ ಇಲ್ಲ, ಮಾರ್ಕ್ಸೂ ಬರ್ತಿದೆ, ಯಾರು ಕೇಳ್ತಾರೆ? ಹೆಣ್ಣುಮಕ್ಕಳಲ್ಲಿ ಇದು ಎಷ್ಟೋ ಸಲ ದೊಡ್ಡವರಾದ ಮೇಲೇ ಗೊತ್ತಾಗೋದು ಇದೇ ಕಾರಣಕ್ಕೆ.

ಅಲ್ಲೇ ನೆಲದ ಮೇಲೆ ಕೂತು ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಕಾರ್ಡುಗಳನ್ನು ಮತ್ತೆ ಕವರಿಗೆ ತುಂಬತೊಡಗಿದಳು.

‘ಅಂದ್ರೆ ನಾನು ನಿನ್ನ ಸರಿಯಾಗಿ ಬೆಳೆಸಲಿಲ್ಲ ಅಂತ ತಾನೆ ಆ ಡಾಕ್ಟ್ರು ಹೇಳೋದು?’

ಇದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಅಪ್ಪನಿಗೆ ಅಂತ ಉತ್ತರ ಮೊದಲೇ ಜೋಡಿಸಿಕೊಂಡಿದ್ದೆ. ಅವರು ನಿರೀಕ್ಷೆಯಂತೆ ‘ಇಂಜಿನಿಯರಿಂಗ್ ಫಸ್ಟ್ ಕ್ಲಾಸಲ್ಲಿ ಪಾಸಾದವಳಿಗೆ ಎಂಥ ಕಾಯಿಲೆನೇ? ಸೋಮಾರಿತನಕ್ಕೂ ಇಂಗ್ಲಿಷ್ ಹೆಸರು ಇಟ್ಟಿದ್ದಾರೆ’ ಅಂದು ಪೇಪರಿನ ಹಿಂದೆ ಮರೆಯಾದರು. ದೊಡ್ಡಮ್ಮ ಒಂದೆಲಗದ ಚಟ್ನಿ ಹೇಳಿದರು. (ಮಾಡಿಕೊಂಡು ತಿಂದೆ, ರುಚಿಯಾಗೇ ಇತ್ತು.) ಆದರೆ ಅಮ್ಮನ ಪ್ರಶ್ನೆ ಬಸ್ಸಲ್ಲಿ ಚನ್ನರಾಯಪಟ್ಟಣ ದಾಟಿದರೂ ಬಿಡಲಿಲ್ಲ.

ಯಾಕಂದರೆ ಇಂಜಿನಿಯರಿಂಗ್ ಪಾಸಾಗಿದ್ದು ನಾನೊಬ್ಬಳೇ ಅಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ, ನಾನು ಓದುವಷ್ಟು ಹೊತ್ತೂ ಎದುರಿಗೆ ಕೂತು ಅಕ್ಕಿ ಆರಿಸಿದವಳು ಅವಳು. ಹಾಲ್ ಟಿಕೆಟ್ಟು ಅವಳ ಹತ್ತಿರ. ಫೀಸ್ ಕಟ್ಟೋ ಕೊನೇ ದಿನ ಕ್ಯಾಲೆಂಡರಲ್ಲಿ ಅವಳ ಕೈಬರಹದಲ್ಲಿ. ‘ಗ್ಯಾನ ಎಲ್ಲಿದೆ ನಿಂಗೆ?’ ಅಂತ ದಿನಕ್ಕೆ ಇಪ್ಪತ್ತು ಸಲ ಬೈತಾ, ಆ ಗ್ಯಾನದ ಕೆಲಸವನ್ನೆಲ್ಲಾ ಇಪ್ಪತ್ತೆರಡು ವರ್ಷ ನನ್ನ ಬದಲು ಅವಳೇ ಮಾಡಿದ್ದಳು. ಬೆಂಗಳೂರಿಗೆ ಬಂದ ಮೇಲೆ ನನ್ನ ಬದುಕು ಹದಗೆಟ್ಟಿದ್ದಲ್ಲ, ಅಮ್ಮ ಇಲ್ಲದೆ ಅದು ಹೇಗಿರುತ್ತೋ ಹಾಗೆ ಕಾಣಿಸತೊಡಗಿತು, ಅಷ್ಟೆ. ಇದನ್ನು ಫೋನಲ್ಲಿ ಹೇಳೋಣ ಅಂತ ಎರಡು ಸಲ ಶುರು ಮಾಡಿದೆ. ‘ಸರಿ ಸರಿ, ಊಟ ಆಯ್ತಾ?’ ಅಂದಳು.

ಊಟದ ಪ್ರಶ್ನೆ ಮುಂದೆ ನಿಜವಾಗಲೂ ಸಮಸ್ಯೆ ಆಯ್ತು. ಡಾಕ್ಟರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಬಿಪಿ ನೋಡಿ, ಸಣ್ಣ ಡೋಸಿಂದ ಶುರು. ಚೀಟಿ ಇಲ್ಲದೆ ಕೊಡುವ ಮಾತ್ರೆ ಅಲ್ಲ, ಎಲ್ಲಾ ಮೆಡಿಕಲ್ ಶಾಪಲ್ಲೂ ಇಟ್ಟಿರಲ್ಲ. ಮೂರು ಅಂಗಡಿ ಅಲೆದೆ. ಒಬ್ಬಾತ ಚೀಟಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ಮರೆವಿನವಳು ಪ್ರತೀ ಸಲ ಹೊಸ ಚೀಟಿಗೆ ಅಪಾಯಿಂಟ್‌ಮೆಂಟ್ ನೆನಪಿಟ್ಟುಕೊಂಡು ಹೋಗಬೇಕಂತೆ, ಈ ಸಿಸ್ಟಮ್ ಡಿಸೈನ್ ಮಾಡಿದವರು ಯಾರೋ!

ಮಾತ್ರೆಯಿಂದ ನಾನು ಬೇರೆಯವಳೇನೂ ಆಗಲಿಲ್ಲ. ಒಂದು ಇಮೇಲ್ ಓದುತ್ತಾ ಅದೇ ಇಮೇಲಿನ ಕೊನೆ ತಲುಪಿದೆ, ಅದೇ ದೊಡ್ಡ ಸುದ್ದಿ. ಆದರೆ ಮಧ್ಯಾಹ್ನದ ಹಸಿವು ಸತ್ತೇಹೋಯ್ತು, ಬಾಯಿ ಒಣಗುತ್ತಿತ್ತು. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ನನ್ನ ಬಳೆ ಮೊಣಕೈವರೆಗೂ ಜಾರೋದನ್ನು ನೋಡಿದಳು. ಬ್ಯಾಗಲ್ಲಿದ್ದ ಮಾತ್ರೆ ಪಟ್ಟಿಯೂ ಅವಳ ಕಣ್ಣಿಗೆ ಬಿತ್ತು. ಅವತ್ತು ಜಗಳ. ‘ಮದುವೆ ಆಗೋವರೆಗೂ ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ಗಂಡಿನ ಕಡೆಯವರು ತಲೆ ಸರಿ ಇಲ್ಲ ಅಂತ ತಿಳ್ಕೋತಾರೆ.’

ಬಾಯಿ ಬಿಡದೆ ಆಗೋ ಮದುವೆಯಲ್ಲಿ ಗ್ಯಾಸ್ ಮೇಲೆ ಹಾಲಿಟ್ಟು ಮರೆತ ಮೊದಲ ದಿನ ಏನು ಹೇಳಲಿ? ನೋಡಲು ಬಂದವರಲ್ಲಿ ಒಬ್ಬರಿಗೆ ಹೇಳಿದೆ, ಕಾಫಿ ಮುಗಿಯುವ ಮುಂಚೆ. ಅವರು ಒಳ್ಳೆಯವರು, ‘ಥ್ಯಾಂಕ್ಸ್’ ಅಂದರು. ಮತ್ತೆ ಫೋನ್ ಬರಲಿಲ್ಲ. ಅಮ್ಮನಿಗೆ ಜಾತಕ ಕೂಡಲಿಲ್ಲ ಅಂತ ಹೇಳಿದ್ದೇನೆ. ಅಮ್ಮ ಇದನ್ನು ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೇನೆ.

ಈಗ ಬೆಳಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ, ರಾತ್ರಿ ಗಟ್ಟಿ ಊಟ. ಬಿಲ್ಲುಗಳೆಲ್ಲಾ ಆಟೋಪೇ. ಮೀಟಿಂಗಲ್ಲಿ ಒಪ್ಪಿದ್ದನ್ನು ಅಲ್ಲೇ ಎಲ್ಲರೆದುರು ಟೈಪ್ ಮಾಡುತ್ತೇನೆ. ಅಮ್ಮನ ಕ್ಯಾಲೆಂಡರಿನ ಉಪಾಯವನ್ನೂ ಕದ್ದಿದ್ದೇನೆ. ದೊಡ್ಡ ಅಂಕಿಯ ಕ್ಯಾಲೆಂಡರು, ಬಾಗಿಲ ಹಿಂದೆ, ದಾರ ಕಟ್ಟಿದ ಪೆನ್ನು. ಯಾವ ಆ್ಯಪೂ ಅದರಷ್ಟು ದಿನ ಉಳಿದಿಲ್ಲ. ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದ ಓದುಗರಿಗೆ: ರೀಲ್ಸ್ ನೋಡಿ ತೀರ್ಮಾನಿಸಬೇಡಿ. ಆರು ಪ್ರಶ್ನೆಯ ಆನ್‌ಲೈನ್ ಟೆಸ್ಟು ಕೂಡ ಬರೀ ಸೋಸುವ ಜರಡಿ. ಯಾರ ಹತ್ತಿರ ಹೋಗಬೇಕು ಅಂತ ತಿಳಿಯದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ವಾರ ಅಮ್ಮ ಫೋನ್ ಮಾಡಿದ್ದಳು. ಮಳೆ, ಕರಿಬೇವಿನ ಗಿಡ, ಅಪ್ಪನ ಮಂಡಿನೋವು ಎಲ್ಲಾ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಣ್ಣನ ಮಗನ ವಿಷಯ ಎತ್ತಿದಳು. ಮೂರನೇ ಕ್ಲಾಸು. ಟೀಚರ್ ಎರಡು ಸಲ ಕರೆಸಿದ್ದಾರಂತೆ, ಬರೆಯೋಕೆ ಕೂತರೆ ಪೆನ್ಸಿಲ್ ಕಚ್ಚಿ ಮುಗಿಸ್ತಾನಂತೆ, ಅಣ್ಣ ಬೆಲ್ಟ್ ತೆಗೆದನಂತೆ.

‘ಆ ನಿನ್ನ ಡಾಕ್ಟ್ರು... ಚಿಕ್ಕ ಮಕ್ಕಳನ್ನೂ ನೋಡ್ತಾರಾ?’

ಇದು ರಕ್ತದಲ್ಲಿ ಹರಿಯೋದು ಜಾಸ್ತಿ ಅಂತ ನಾನು ಓದಿದ್ದೆ, ಅಮ್ಮನಿಗೆ ಹೇಳಿರಲಿಲ್ಲ. ಅವಳೇ ಲೆಕ್ಕ ಹಾಕಿದ್ದಳು. ಮಕ್ಕಳಿಗೇ ಬೇರೆ ಮನೋವೈದ್ಯರು ಇರ್ತಾರೆ ಅಂತ ಹೇಳಿ ಒಂದು ನಂಬರ್ ಕಳಿಸಿದೆ. ಅದನ್ನು ಅಣ್ಣನಿಗೆ ಫಾರ್ವರ್ಡ್ ಮಾಡಿದ್ದಾಳೆ. ಎರಡು ನೀಲಿ ಟಿಕ್ಕು ಬಿದ್ದಿದೆಯಂತೆ. ಉತ್ತರ ಇನ್ನೂ ಬಂದಿಲ್ಲ.